ಡಬ್ಲ್ಯೂ3ಎಂ, ಲಿಂಕ್ಸ್, ಈಲಿಂಕ್ಸ್: ಬುಕ್‌ಮಾರ್ಕ್, ಹಿಸ್ಟರಿ ಕಳೆಯದ ಹಾಗೆ ಇಟ್ಟುಕೊಳ್ಳೋದು ಹೇಗೆ?

ಕರಿಪರದೆ
ನಮಸ್ಕಾರ. ಓದೋದೆಲ್ಲ ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಟರ್ಮಿನಲ್‌ನಿಂದ ಹೋಗೋ ದಾರಿ) ಮೂಲಕ, ಸರ್ವರ್‌ನಲ್ಲಿ ಗ್ರಾಫಿಕ್ಸ್ ಇಲ್ಲ. ಹೆಚ್ಚಾಗಿ ಡಬ್ಲ್ಯೂ3ಎಂ, ಆಗೀಗ ಲಿಂಕ್ಸ್, ಎರಡೂ ಟರ್ಮಿನಲ್‌ನಲ್ಲಿ ನಡೆಯೋ ಪಠ್ಯ ಬ್ರೌಸರ್. ಪುಟ ಓದೋಕೆ ಏನೂ ತಕರಾರಿಲ್ಲ, ಓದಿದ್ದನ್ನ ಮತ್ತೆ ಹುಡುಕೋದೇ ಕಷ್ಟ.

ಎರಡು ಟರ್ಮಿನಲ್‌ನಲ್ಲಿ ಡಬ್ಲ್ಯೂ3ಎಂ ತೆರೆದಿದ್ದರೆ ಒಂದರಲ್ಲಿ ನೋಡಿದ ಪುಟಗಳು ಆಮೇಲೆ ಹಿಸ್ಟರಿಯಲ್ಲಿ ಇರೋದೇ ಇಲ್ಲ. ಲಿಂಕ್ಸ್‌ನಲ್ಲಂತೂ ಮುಚ್ಚಿದ ತಕ್ಷಣ ಹಿಸ್ಟರಿ ಪೂರ್ತಿ ಖಾಲಿ. ಡಬ್ಲ್ಯೂ3ಎಂ ಬುಕ್‌ಮಾರ್ಕ್ ಫೈಲನ್ನ ವಿಮ್ ಎಡಿಟರ್‌ನಲ್ಲಿ ತೆರೆದು ಚೊಕ್ಕ ಮಾಡಿದ ಮೇಲೆ ಹೊಸ ಕೊಂಡಿಗಳು ಸರಿಯಾದ ವಿಭಾಗಕ್ಕೆ ಸೇರ್ತಿಲ್ಲ. ಜೊತೆಗೆ ಕನ್ನಡ ವಿಕಿಪೀಡಿಯ ಪುಟಗಳ ಶೀರ್ಷಿಕೆ ಬುಕ್‌ಮಾರ್ಕ್ ಪಟ್ಟಿಯಲ್ಲಿ ಗಿಜಿಬಿಜಿ ಆಗಿ ಕಾಣ್ತವೆ. ನೀವೆಲ್ಲ ಇವನ್ನ ಹೇಗೆ ನಿಭಾಯಿಸ್ತೀರಿ?

ಎಸ್ಕೇಪ್‌ಬಿ
ಮೂರನೇ ಪ್ರಶ್ನೆಗೆ ಮೊದಲು ಉತ್ತರ, ಅದು ಸುಲಭ. (ಫೈಲು, ಕಮಾಂಡುಗಳನ್ನ ಕನ್ನಡ ಲಿಪಿಯಲ್ಲೇ ಬರೀತೀನಿ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ. ದೊಡ್ಡಕ್ಷರ ಬೇಕಾದಲ್ಲಿ ಹೇಳ್ತೀನಿ.)

~/.ಡಬ್ಲ್ಯೂ3ಎಂ/ಬುಕ್‌ಮಾರ್ಕ್.ಎಚ್‌ಟಿಎಂಎಲ್ ತೆರೆದು ನೋಡಿ. ಪ್ರತಿ ವಿಭಾಗಕ್ಕೂ ಒಂದು ಎಚ್2 ತಲೆಬರಹ, ಅದರ ಕೆಳಗೆ ಯುಎಲ್ ಪಟ್ಟಿ, ಪಟ್ಟಿಯ ಕೊನೆಯಲ್ಲಿ ಒಂದು ಎಚ್‌ಟಿಎಂಎಲ್ ಕಾಮೆಂಟ್ ಇರುತ್ತೆ: "ಎಂಡ್ ಆಫ್ ಸೆಕ್ಷನ್, ಡು ನಾಟ್ ಡಿಲೀಟ್ ದಿಸ್ ಕಾಮೆಂಟ್". ಚೊಕ್ಕ ಮಾಡುವಾಗ ಬಹುಶಃ ಅದು ಹೋಗಿದೆ. ಹೊಸ ಕೊಂಡಿ ಸೇರೋದು ಆ ಕಾಮೆಂಟಿನ ಮೇಲಿನ ಸಾಲಿಗೆ. ಕಾಮೆಂಟೇ ಇಲ್ಲ ಅಂದ್ರೆ ವಿಭಾಗ ಎಲ್ಲಿ ಮುಗೀತು ಅನ್ನೋದು ಡಬ್ಲ್ಯೂ3ಎಂಗೆ ತಿಳಿಯೋ ದಾರಿ ಇಲ್ಲ, ಕೊಂಡಿ ಬೇರೆ ಕಡೆ ಹೋಗಬಹುದು, ಸೇರದೇನೂ ಇರಬಹುದು.

ಸರಿಪಡಿಸೋದು ಹೀಗೆ: ಖಾಲಿ ಬುಕ್‌ಮಾರ್ಕ್ ಫೈಲೊಂದನ್ನ ಹೊಸದಾಗಿ ಸೃಷ್ಟಿಸಿ (ಡಬ್ಲ್ಯೂ3ಎಂ -ಬುಕ್‌ಮಾರ್ಕ್ ಅಂತ ಕೊಟ್ಟು ಮುಂದೆ ಬೇರೆ ಫೈಲಿನ ಹೆಸರು), ಅದಕ್ಕೆ ಒಂದು ಕೊಂಡಿ ಸೇರಿಸಿ. ಆ ಹೊಸ ಫೈಲಿನಿಂದ ಕಾಮೆಂಟ್ ಸಾಲನ್ನ ಅಕ್ಷರಶಃ ನಕಲು ಮಾಡಿ, ಹಳೇ ಫೈಲಿನ ಪ್ರತಿ ವಿಭಾಗದ ಕೊನೇ ಕೊಂಡಿಯ ಕೆಳಗೆ, ಪಟ್ಟಿ ಮುಚ್ಚೋ ಟ್ಯಾಗಿನ ಮೇಲೆ ಅಂಟಿಸಿ. ನೆನಪಿನಿಂದ ಟೈಪ್ ಮಾಡಬೇಡಿ, ಒಂದು ಖಾಲಿ ಜಾಗ ಹೆಚ್ಚಾದರೂ ಹೊಂದಿಕೆ ಆಗಲ್ಲ.

ಧಾರವಾಡಶೆಲ್
ಎಸ್ಕೇಪ್‌ಬಿ ಅವರು ಹೇಳಿದ್ದು ಬರೋಬ್ಬರಿ ಐತ್ರಿ. ಒಂದು ಸೇರಿಸ್ತೀನಿ. ಡಬ್ಲ್ಯೂ3ಎಂನಾಗ ಬುಕ್‌ಮಾರ್ಕ್ ಅಳಿಸೋ ಕೀಲಿ ಅಂತ ಬ್ಯಾರೆ ಇಲ್ಲ. ಎಸ್ಕೇಪ್ ಒತ್ತಿ 'ಬಿ' ಒತ್ರಿ, ಪಟ್ಟಿ ಬರ್ತದ. ಅಲ್ಲೇ ದೊಡ್ಡ 'ಇ' ಒತ್ರಿ, ಫೈಲು ನಿಮ್ಮ ಎಡಿಟರ್‌ನಾಗ ತೆರೀತದ. ಬ್ಯಾಡಾದ ಸಾಲು ತೆಗೆದು ಉಳಿಸಿ ಹೊರಗ ಬಂದ್ರ ಆತು. ಅಳಸೂದು ಎಲ್‌ಐ ಇಂದ ಸುರು ಆಗೋ ಸಾಲು ಅಷ್ಟ. ಕಾಮೆಂಟ್ ಮುಟ್ಟಬ್ಯಾಡ್ರಿ, ಎಚ್2 ಮುಟ್ಟಬ್ಯಾಡ್ರಿ.

ಸೇರಸೂದು ಎಸ್ಕೇಪ್ 'ಎ'. ಒಂದು ಫಾರ್ಮ್ ಬರ್ತದ, ಅದರಾಗ ಇದ್ದ ವಿಭಾಗ ಆರಿಸಬಹುದು ಇಲ್ಲಾ ಹೊಸಾ ವಿಭಾಗದ ಹೆಸರು ಬರೀಬಹುದು. ಶೀರ್ಷಿಕೆನೂ ಅಲ್ಲೇ ತಿದ್ರಿ. "ಹೋಮ್", "ಇಂಡೆಕ್ಸ್" ಅಂತ ಇರೋ ಶೀರ್ಷಿಕೆ ಹಾಂಗ ಬಿಟ್ರ ನಾಳೆ ಯಾವುದು ಯಾವುದು ಅಂತ ತಿಳೀದಿಲ್ಲ.

ಟ್ಯಾಬ್‌ಸಾಲು
ಹಿಸ್ಟರಿ ಬಗ್ಗೆ: ಡಬ್ಲ್ಯೂ3ಎಂ ಹಿಸ್ಟರಿಯನ್ನು ಫೈಲಿಗೆ ಬರೆಯುವುದು ಮುಚ್ಚುವಾಗ ಮಾತ್ರ. ಅಲ್ಲಿಯವರೆಗೆ ಎಲ್ಲವೂ ಮೆಮೊರಿಯಲ್ಲಿ. ತೆರೆದಾಗ ಎರಡೂ ಕಿಟಕಿಗಳು ಒಂದೇ ಹಳೆಯ ಫೈಲನ್ನು ಓದಿಕೊಳ್ಳುತ್ತವೆ, ಮುಚ್ಚುವಾಗ ಒಂದೊಂದೂ ತನ್ನ ಪಟ್ಟಿಯನ್ನು ಬರೆಯುತ್ತದೆ. 2011ರ ಮೂಲ 0.5.3ರಲ್ಲಿ ಕೊನೆಗೆ ಮುಚ್ಚಿದ್ದೇ ಉಳಿಯುತ್ತದೆ, ಮೊದಲು ಮುಚ್ಚಿದ್ದರ ಮೇಲೆ ಅದು ಬರೆದುಬಿಡುತ್ತದೆ. ಡೆಬಿಯನ್‌ನವರು (ಲಿನಕ್ಸ್ ಹಂಚಿಕೆಯೊಂದರ ತಂಡ) ಮುಂದುವರಿಸಿರುವ ಗಿಟ್ ಆವೃತ್ತಿಗಳಲ್ಲಿ ಇದನ್ನು ತಿದ್ದಿದ್ದಾರೆ. ನಡುವೆ ಫೈಲು ಬದಲಾಗಿದ್ದರೆ ಅದನ್ನು ಮತ್ತೆ ಓದಿ, ತನ್ನ ಪಟ್ಟಿಯ ಜೊತೆ ಬೆರೆಸಿ ಬರೆಯುತ್ತದೆ.

ನಿಮ್ಮದು ಯಾವುದು ಎಂದು ತಿಳಿಯಲು ಡಬ್ಲ್ಯೂ3ಎಂ -ವರ್ಷನ್ ನೋಡಿ. ಅದಕ್ಕಿಂತ ಖಚಿತ ಬೇಕಿದ್ದರೆ ಎರಡು ಟರ್ಮಿನಲ್ ತೆರೆದು, ಎರಡರಲ್ಲೂ ಬೇರೆ ಬೇರೆ ಪುಟ ನೋಡಿ, ಒಂದಾದ ಮೇಲೊಂದು 'ಕ್ಯೂ' ಒತ್ತಿ ಮುಚ್ಚಿ, ಟೇಲ್ ~/.ಡಬ್ಲ್ಯೂ3ಎಂ/ಹಿಸ್ಟರಿ ಕೊಡಿ. ಎರಡೂ ವಿಳಾಸ ಕಂಡರೆ ಬೆರೆಸುವ ಆವೃತ್ತಿ.

ಇನ್ನೊಂದು ಮುಖ್ಯ: ಟರ್ಮಿನಲ್ ಕಿಟಕಿಯನ್ನೇ ಮುಚ್ಚಿದರೆ, ಅಥವಾ ನೆಟ್ ಕಡಿದು ಎಸ್‌ಎಸ್‌ಎಚ್ ಬಿದ್ದುಹೋದರೆ, ಆ ಬಾರಿಯ ಹಿಸ್ಟರಿ ಉಳಿಯುತ್ತದೆ ಎಂದು ನಂಬಬೇಡಿ. ಟಿಮಕ್ಸ್ (ಸಂಪರ್ಕ ಹೋದರೂ ಟರ್ಮಿನಲ್ ಕೆಲಸವನ್ನು ಜೀವಂತ ಇಡುವ ಸಾಧನ) ಒಳಗೆ ನಡೆಸಿ. ಎಸ್‌ಎಸ್‌ಎಚ್ ಕಡಿದರೂ ಡಬ್ಲ್ಯೂ3ಎಂ ಸರ್ವರ್‌ನಲ್ಲಿ ಬದುಕಿರುತ್ತದೆ.

ತುಂಗಾತೀರ
ಮಿತಿಯ ವಿಷಯ ಯಾರೂ ಹೇಳಲಿಲ್ಲ. ಡಬ್ಲ್ಯೂ3ಎಂ ಹಿಸ್ಟರಿಯ ಮಿತಿ ಮೊದಲಿನಿಂದ 100 ವಿಳಾಸ. ದಿನವಿಡೀ ಓದೋರಿಗೆ ಅದು ಒಂದು ಮಧ್ಯಾಹ್ನಕ್ಕೂ ಸಾಲಲ್ಲ. 'ಓ' ಒತ್ತಿ ಆಯ್ಕೆಗಳ ಪುಟಕ್ಕೆ ಹೋಗಿ, ನೆನಪಿಟ್ಟುಕೊಳ್ಳೋ ಯುಆರ್‌ಎಲ್ ಸಂಖ್ಯೆ ಅನ್ನೋ ಜಾಗದಲ್ಲಿ 2000 ಬರೆದು, ಪುಟದ ಓಕೆ ಗುಂಡಿ ಒತ್ತಿ. ಅದು ಕಾನ್ಫಿಗ್ ಫೈಲಿನಲ್ಲಿ "ಹಿಸ್ಟರಿ 2000" ಅಂತ ಕೂರುತ್ತೆ. ಪಕ್ಕದಲ್ಲೇ "ಸೇವ್_ಹಿಸ್ಟ್" 1 ಇದೆಯಾ ನೋಡಿ, 0 ಇದ್ದರೆ ಮುಚ್ಚಿದಾಗ ಏನೂ ಬರೆಯಲ್ಲ.

ಒಂದೇ ಪುಟಕ್ಕೆ ಹತ್ತು ಸಲ ಹೋದರೂ ಹಿಸ್ಟರಿಯಲ್ಲಿ ಒಂದೇ ಸಾಲು, ಹಳೇದು ತೆಗೆದು ಕೊನೆಗೆ ಹಾಕುತ್ತೆ. ಹಾಗಾಗಿ 2000 ಅಂದ್ರೆ 2000 ಬೇರೆ ಬೇರೆ ವಿಳಾಸ.

ಕಡಲಕರೆ
ಮಾರಾಯ್ರೆ, ಆ ಫೈಲಿನಲ್ಲಿ ಬರೀ ವಿಳಾಸ ಉಂಟು. ಶೀರ್ಷಿಕೆ ಇಲ್ಲ, ಯಾವಾಗ ನೋಡಿದ್ದು ಅಂತ ಇಲ್ಲ. 2000 ಸಾಲು ಇಟ್ಟು ಹುಡುಕುವುದು ಹೇಗೆ? ಅಂಕಿಯೇ ತುಂಬಿದ ವಿಳಾಸ ನೋಡಿ ಯಾವ ಲೇಖನ ಅಂತ ಯಾರಿಗೆ ಗೊತ್ತಾಗುತ್ತದೆ?

ಹಿಸ್ಟರಿ ಬೇಕಿದ್ದವರು ಈಲಿಂಕ್ಸ್ ಎಂಬ ಇನ್ನೊಂದು ಪಠ್ಯ ಬ್ರೌಸರ್ ಹಾಕಿಕೊಳ್ಳಿ. ~/.ಈಲಿಂಕ್ಸ್/ಗ್ಲೋಬ್‌ಹಿಸ್ಟ್ ಫೈಲಿನ ಒಂದೊಂದು ಸಾಲಿನಲ್ಲಿ ಶೀರ್ಷಿಕೆ, ಟ್ಯಾಬ್, ವಿಳಾಸ, ಟ್ಯಾಬ್, ಸಮಯ. ಸಮಯ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ಉಂಟು, ಡೇಟ್ -ಡಿ @ ಮುಂದೆ ಆ ಅಂಕಿ ಕೊಟ್ಟರೆ ತಾರೀಖು ಸಿಗುತ್ತದೆ. ಮಿತಿ 1024. ಹೆಚ್ಚು ಬೇಕಾದರೆ ಆಯ್ಕೆಗಳಲ್ಲಿ ಡಾಕ್ಯುಮೆಂಟ್, ಹಿಸ್ಟರಿ, ಗ್ಲೋಬಲ್, ಮ್ಯಾಕ್ಸ್_ಐಟಮ್ಸ್. 'ಎಚ್' ಒತ್ತಿದರೆ ಹಿಸ್ಟರಿ ಕಿಟಕಿ, ಅದರಲ್ಲೇ ಹುಡುಕುವ ಗುಂಡಿ, ಅಲ್ಲಿಂದಲೇ ಬುಕ್‌ಮಾರ್ಕ್ ಮಾಡುವ ಗುಂಡಿ. ಫೈಲು ಅಲ್ಲಿ ಕಾಣದಿದ್ದರೆ ~/.ಕಾನ್ಫಿಗ್/ಈಲಿಂಕ್ಸ್ ಒಳಗೆ ನೋಡಿ.

ತುಂಗಾತೀರ
@ಕಡಲಕರೆ ಸರಿ, ಆದರೆ ಅದಕ್ಕಾಗಿ ಬ್ರೌಸರ್ ಬದಲಿಸಿ ಅನ್ನೋದು ಅತಿಯಾಯ್ತು. ಡಬ್ಲ್ಯೂ3ಎಂ ಟೇಬಲ್‌ಗಳನ್ನ ಜೋಡಿಸೋ ಚಂದ ನೋಡಿ ಇಟ್ಟುಕೊಂಡೋರು ಎಷ್ಟೋ ಜನ. ದೊಡ್ಡ 'ಯು' ಒತ್ತಿ, ವಿಳಾಸದ ಸಾಲಿನಲ್ಲಿ ಮೇಲಿನ ಬಾಣದ ಕೀಲಿ ಒತ್ತುತ್ತಾ ಹೋದರೆ ಹಳೇ ವಿಳಾಸಗಳು ಒಂದೊಂದೇ ಬರ್ತವೆ. ಈಚಿನ ನಾಲ್ಕೈದು ಪುಟಕ್ಕೆ ಅಷ್ಟು ಸಾಕು. ಹಳೇದಕ್ಕೆ ಫೈಲಿನೊಳಗೆ ಪದ ಹುಡುಕೋ ಗ್ರೆಪ್ ಕಮಾಂಡ್ ಇದೆ.

ಕಡಲಕರೆ
ಗ್ರೆಪ್ ಮಾಡಲಿಕ್ಕೆ ವಿಳಾಸದಲ್ಲಿ ಓದುವಂಥ ಪದ ಇರಬೇಕಲ್ಲ. ಕನ್ನಡ ವಿಕಿಪೀಡಿಯದ ವಿಳಾಸ ಹಿಸ್ಟರಿ ಫೈಲಿನಲ್ಲಿ ಹೇಗೆ ಕೂತಿರುತ್ತದೆ ನೋಡಿ. 'ಕ' ಒಂದೇ ಅಕ್ಷರ %ಇ0%ಬಿ2%95 ಆಗುತ್ತದೆ.

ಎಸ್ಕೇಪ್‌ಬಿ
ಅದು ನಿಜ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಯುಟಿಎಫ್-8ರಲ್ಲಿ (ಅಕ್ಷರಗಳನ್ನ ಬೈಟ್ ಆಗಿ ಇಡೋ ಕ್ರಮ) 3 ಬೈಟ್, ಒಂದೊಂದು ಬೈಟ್ ವಿಳಾಸದಲ್ಲಿ 3 ಅಕ್ಷರ ಹಿಡಿಯುತ್ತೆ. "ಕನ್ನಡ" ಅಂದ್ರೆ ಕ, ನ, ಹಲಂತ ಚಿಹ್ನೆ (್), ನ, ಡ: ಒಟ್ಟು 5 ಚಿಹ್ನೆ, 15 ಬೈಟ್, ವಿಳಾಸದಲ್ಲಿ 45 ಅಕ್ಷರ. 80 ಅಂಕಣದ ಟರ್ಮಿನಲ್‌ನಲ್ಲಿ ಎರಡು ಪದದ ಶೀರ್ಷಿಕೆಗೇ ಸಾಲು ಮುಗೀತು.

ಕಣ್ಣಿಗೆ ಓದೋಕೆ ಡಬ್ಲ್ಯೂ3ಎಂನಲ್ಲಿ "ಡಿಕೋಡ್_ಯುಆರ್‌ಎಲ್" ಅನ್ನೋ ಆಯ್ಕೆ ಇದೆ, 1 ಮಾಡಿದರೆ ವಿಳಾಸ ಕನ್ನಡದಲ್ಲೇ ಕಾಣುತ್ತೆ. ಫೈಲಿನಲ್ಲಿ ಇರೋದು ಬದಲಾಗಲ್ಲ, ತೋರಿಸೋದು ಮಾತ್ರ ಬದಲಾಗುತ್ತೆ. ಗ್ರೆಪ್‌ಗೆ ಮೊದಲು ಪೈಥಾನ್‌ನ ಯುಆರ್‌ಎಲ್‌ಲಿಬ್.ಪಾರ್ಸ್ ಒಳಗಿನ ಅನ್‌ಕೋಟ್ ಮೂಲಕ ಪ್ರತಿ ಸಾಲನ್ನ ಹಾಯಿಸಿ. ಎರಡು ಸಾಲಿನ ಸ್ಕ್ರಿಪ್ಟ್ ಸಾಕು, ಆಮೇಲೆ "ಹಂಪಿ" ಅಂತ ಕನ್ನಡದಲ್ಲೇ ಗ್ರೆಪ್ ಮಾಡಬಹುದು.

ಮಲ್ನಾಡ್‌ಬಾಷ್
ಲಿಂಕ್ಸ್ ಪ್ರಶ್ನೆ ಹಾಗೇ ಉಳಿದಿದೆ, ನಾನು ಹೇಳ್ತೀನಿ. ಗೊಂದಲ ಬೇಡ: ಲಿಂಕ್ಸ್ ಅಂದ್ರೆ 1992ರಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಈಗ ಥಾಮಸ್ ಡಿಕಿ ನೋಡಿಕೊಳ್ತಿರೋದು. ಪ್ರಾಗ್‌ನಲ್ಲಿ ಹುಟ್ಟಿದ, ಅದೇ ಉಚ್ಚಾರದ ಇನ್ನೊಂದು ಬ್ರೌಸರ್‌ಗೆ ಲಿಂಕ್ಸ್2 ಅಂತೀನಿ.

ಲಿಂಕ್ಸ್‌ನಲ್ಲಿ ಎರಡು ಪಟ್ಟಿ ಇವೆ, ಜನ ಒಂದನ್ನೇ ನೋಡ್ತಾರೆ. ಬ್ಯಾಕ್‌ಸ್ಪೇಸ್ ಅಥವಾ ಡಿಲೀಟ್ ಒತ್ತಿದರೆ ಬರೋದು ಹಿಸ್ಟರಿ ಪಟ್ಟಿ, ಅಂದ್ರೆ ನೀವು ಈಗಿರೋ ಪುಟಕ್ಕೆ ಬಂದ ದಾರಿ ಅಷ್ಟೇ. ಎಡ ಬಾಣ ಒತ್ತಿ ಹಿಂದೆ ಹೋದರೆ ಬಿಟ್ಟುಬಂದ ಪುಟ ಆ ಪಟ್ಟಿಯಿಂದ ಹೋಗುತ್ತೆ. ದೊಡ್ಡ 'ವಿ' ಒತ್ತಿದರೆ ಬರೋದು ಭೇಟಿ ಕೊಟ್ಟ ಎಲ್ಲ ಪುಟಗಳ ಪಟ್ಟಿ, ಹಿಂದೆ ಹೋದರೂ ಅದರಲ್ಲಿ ಉಳಿಯುತ್ತೆ. ಆ ಪಟ್ಟಿಯನ್ನ ಮೊದಲ ಭೇಟಿಯ ಕ್ರಮದಲ್ಲೋ, ಕೊನೇ ಭೇಟಿಯ ಕ್ರಮದಲ್ಲೋ, ಯಾವ ಪುಟದಿಂದ ಯಾವುದಕ್ಕೆ ಹೋದಿರಿ ಅನ್ನೋ ಮರದ ರೂಪದಲ್ಲೋ ನೋಡಬಹುದು. ಮರದ ರೂಪ ಇರೋದೇ ಲಿಂಕ್ಸ್‌ನ ದೊಡ್ಡ ಗುಣ ಅಂತ ನನ್ನ ಅಭಿಪ್ರಾಯ.

ಮುಚ್ಚಿದ ಮೇಲೂ ಉಳೀಬೇಕು ಅಂದ್ರೆ ಸೆಷನ್ ಫೈಲು ಬೇಕು. ಲಿಂಕ್ಸ್.ಸಿಎಫ್‌ಜಿ (ಲಿಂಕ್ಸ್‌ನ ಸೆಟ್ಟಿಂಗ್ ಫೈಲು) ಒಳಗೆ ಎರಡು ಸಾಲು, ಎಲ್ಲ ದೊಡ್ಡಕ್ಷರದಲ್ಲಿ: ಆಟೋ_ಸೆಷನ್:ಟ್ರೂ ಮತ್ತು ಸೆಷನ್_ಫೈಲ್: ಮುಂದೆ ಫೈಲಿನ ಹೆಸರು. ಎರಡೂ ಬೇಕು. ಮೊದಲನೇದು ಮಾತ್ರ ಹಾಕಿ ಫೈಲಿನ ಹೆಸರು ಕೊಡದಿದ್ದರೆ ಏನೂ ಉಳಿಯಲ್ಲ. ಸೆಷನ್_ಲಿಮಿಟ್ 250 ಇರುತ್ತೆ. ಹುಡುಕಿದ ಪದ, ನೇರ ಟೈಪ್ ಮಾಡಿದ ವಿಳಾಸ, ಭೇಟಿ, ಹಿಸ್ಟರಿ, ಒಂದೊಂದಕ್ಕೂ ಅಷ್ಟು.

ಕರಿಪರದೆ
ಲಿಂಕ್ಸ್.ಸಿಎಫ್‌ಜಿ /ಇಟಿಸಿ ಒಳಗಿದೆ, ನನಗೆ ರೂಟ್ ಅನುಮತಿ ಇಲ್ಲ. ಬೇರೆ ದಾರಿ?

ಮಲ್ನಾಡ್‌ಬಾಷ್
ಎರಡು ದಾರಿ. ಲಿಂಕ್ಸ್ -ಸೆಷನ್= ಮುಂದೆ ಫೈಲಿನ ಹೆಸರು ಕೊಡಿ. ತೆರೆದಾಗ ಅದನ್ನ ಓದುತ್ತೆ, ಮುಚ್ಚುವಾಗ ಅದಕ್ಕೇ ಬರೆಯುತ್ತೆ. ಬಾಷ್‌ಆರ್‌ಸಿಯಲ್ಲಿ (ಶೆಲ್‌ನ ಸೆಟ್ಟಿಂಗ್ ಫೈಲು) ಏಲಿಯಸ್, ಅಂದ್ರೆ ಅಡ್ಡಹೆಸರು, ಮಾಡಿಟ್ಟರೆ ಮರೆಯೋ ಮಾತಿಲ್ಲ. ಓದೋದು ಮಾತ್ರ ಬೇಕಿದ್ದರೆ -ಸೆಷನ್‌ಇನ್, ಬರೆಯೋದು ಮಾತ್ರ ಬೇಕಿದ್ದರೆ -ಸೆಷನ್‌ಔಟ್. ಇಲ್ಲದಿದ್ದರೆ ಸಿಎಫ್‌ಜಿ ಫೈಲನ್ನ ಹೋಮ್‌ಗೆ ನಕಲು ಮಾಡಿ ಲಿಂಕ್ಸ್_ಸಿಎಫ್‌ಜಿ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ದೊಡ್ಡಕ್ಷರ) ಅದರ ಪೂರ್ತಿ ದಾರಿ ಕೊಡಿ.

ವಿಷಯಕ್ಕೊಂದು ಸೆಷನ್ ಫೈಲು ಇಡೋದು ಒಳ್ಳೇ ಪದ್ಧತಿ. ಓದೋದಕ್ಕೆ ಒಂದು, ಕೋಡ್ ದಾಖಲೆಗಳಿಗೆ ಒಂದು.

ಧಾರವಾಡಶೆಲ್
ಲಿಂಕ್ಸ್ ಬುಕ್‌ಮಾರ್ಕಿನ ಬಗ್ಗೆನೂ ಹೇಳ್ರಲಾ. ಸಣ್ಣ 'ಎ' ಒತ್ತಿದ್ರ ಅದು ಕೇಳ್ತದ: ಡಿ, ಎಲ್, ಸಿ. ಡಿ ಅಂದ್ರ ಈ ಪುಟ, ಎಲ್ ಅಂದ್ರ ಕರ್ಸರ್ ಇರೋ ಕೊಂಡಿ, ಸಿ ಅಂದ್ರ ಬ್ಯಾಡ. ಅವಸರದಾಗ ಡಿ ಬದಲಿ ಎಲ್ ಒತ್ತಿ, ಪುಟದ ಮ್ಯಾಲಿನ "ಲಾಗಿನ್" ಕೊಂಡಿ ಉಳಿಸಿಕೊಂಡ ಮಂದಿ ಭಾಳ. ನೋಡೋದು ಸಣ್ಣ 'ವಿ', ಆ ಪಟ್ಟಿಯೊಳಗ 'ಆರ್' ಒತ್ತಿದ್ರ ಅಳಿಸ್ತದ.

ಹುಡುಕಾಟದ ಫಾರ್ಮ್ ತುಂಬಿ ಬಂದ ಪುಟ ಪೋಸ್ಟ್ ರೀತಿಯದ್ದು ಆಗಿದ್ರ ಲಿಂಕ್ಸ್ ಬುಕ್‌ಮಾರ್ಕ್ ಮಾಡಾಕ ಒಪ್ಪೂದಿಲ್ಲ. ಅದು ದೋಷ ಅಲ್ಲ. ತುಂಬಿದ ಮಾಹಿತಿ ವಿಳಾಸದಾಗ ಇರೂದಿಲ್ಲ, ಹಂಗಾಗಿ ವಿಳಾಸ ಉಳಿಸಿದ್ರೂ ಆ ಪುಟ ತಿರುಗಿ ಬರೂದಿಲ್ಲ.

ಟ್ಯಾಬ್‌ಸಾಲು
ಒಂದೇ ಪಟ್ಟಿಗೆ ನೂರಾರು ಕೊಂಡಿ ತುರುಕಿ ಪರದಾಡುವವರಿಗೆ: ಲಿಂಕ್ಸ್‌ನಲ್ಲಿ ಬುಕ್‌ಮಾರ್ಕ್ ಫೈಲುಗಳನ್ನು 26 ಮಾಡಿಕೊಳ್ಳಬಹುದು, ಇಂಗ್ಲಿಷ್ ಅಕ್ಷರಕ್ಕೊಂದು. 'ಓ' ಒತ್ತಿ, ಮಲ್ಟಿ-ಬುಕ್‌ಮಾರ್ಕ್ಸ್ ಎಂಬುದನ್ನು ಸ್ಟ್ಯಾಂಡರ್ಡ್ ಅಥವಾ ಅಡ್ವಾನ್ಸ್ಡ್ ಮಾಡಿ. ಅದೇ ಪುಟದಲ್ಲಿ ಫೈಲುಗಳ ಹೆಸರು, ವಿವರಣೆ ತಿದ್ದುವ ಕೊಂಡಿ ಇದೆ. ಮೇಲೆ ಆಯ್ಕೆಗಳನ್ನು ಡಿಸ್ಕಿಗೆ ಉಳಿಸುವ ಚೌಕವನ್ನು ಗುರುತು ಮಾಡದೆ ಹೊರಬಂದರೆ ಈ ಬಾರಿಗಷ್ಟೇ, ಮುಂದಿನ ಬಾರಿ ಮತ್ತೆ ಹಳೆಯದೇ.

ಫೈಲುಗಳನ್ನು ಒಂದು ಫೋಲ್ಡರಿನಲ್ಲಿ ಇಡುವುದಾದರೆ ಹೆಸರು ./ ಇಂದ ಶುರುವಾಗಬೇಕು, ಉದಾಹರಣೆಗೆ ./ಬಿಎಂ/ಓದು.ಎಚ್‌ಟಿಎಂಎಲ್. ಫೋಲ್ಡರನ್ನು ನೀವೇ ಮೊದಲು ಮಾಡಿರಬೇಕು, ಲಿಂಕ್ಸ್ ಮಾಡಿಕೊಡುವುದಿಲ್ಲ. ಹೆಸರಿನ ಕೊನೆಗೆ .ಎಚ್‌ಟಿಎಂಎಲ್ ಇಲ್ಲದಿದ್ದರೆ ಅದನ್ನು ಬರೀ ಪಠ್ಯವೆಂದು ತೋರಿಸುತ್ತದೆ, ಕೊಂಡಿಗಳು ಕೊಂಡಿಯಾಗಿ ಕೆಲಸ ಮಾಡುವುದಿಲ್ಲ.

ಕೈಯಿಂದ ತಿದ್ದುವವರು ಗಮನಿಸಿ: ಒಂದು ಬುಕ್‌ಮಾರ್ಕ್ ಒಂದೇ ಸಾಲಿನಲ್ಲಿ ಇರಬೇಕು. ಸಾಲುಗಳ ಕ್ರಮ ಬದಲಿಸಬಹುದು, ಸಾಲು ಅಳಿಸಬಹುದು. ನಡುವೆ ತಲೆಬರಹ, ಬೇರೆ ಟ್ಯಾಗು ಹಾಕಬೇಡಿ. ಉದ್ದ ಸಾಲನ್ನು ಎಡಿಟರ್ ತಾನಾಗಿ ಮುರಿದುಬಿಟ್ಟರೂ ತೊಂದರೆಯೇ, ಹಾಗಾಗಿ ವಿಮ್‌ನಲ್ಲಿ ಟೆಕ್ಸ್ಟ್‌ವಿಡ್ತ್ 0 ಮಾಡಿಕೊಂಡೇ ತೆರೆಯಿರಿ.

ಬೆರಳೋದು
ಇಷ್ಟು ಮಾತಿನಲ್ಲಿ ಸ್ಕ್ರೀನ್ ರೀಡರ್ ಬಳಸುವವರ ವಿಷಯ ಬಿಟ್ಟೇಹೋಯಿತು. ಪಠ್ಯ ಬ್ರೌಸರ್‌ಗಳನ್ನು ದಿನಾ ಬಳಸುವ ದೊಡ್ಡ ಬಳಗ ದೃಷ್ಟಿ ಇಲ್ಲದವರದ್ದು.

ಲಿಂಕ್ಸ್ ಅನ್ನು -ಶೋ_ಕರ್ಸರ್ ಜೊತೆ ನಡೆಸಿ. ಇಲ್ಲದಿದ್ದರೆ ಕರ್ಸರ್ ಪರದೆಯ ಮೂಲೆಯಲ್ಲಿ ಕೂರುತ್ತದೆ, ಸ್ಪೀಕಪ್ (ಒಂದು ಸ್ಕ್ರೀನ್ ರೀಡರ್) ಆಗಲಿ ಬ್ರೈಲ್ ಪಟ್ಟಿ ಆಗಲಿ ಆಯ್ದ ಕೊಂಡಿಯನ್ನು ಹಿಂಬಾಲಿಸುವುದಿಲ್ಲ. -ನಂಬರ್_ಲಿಂಕ್ಸ್ ಕೊಟ್ಟರೆ ಬುಕ್‌ಮಾರ್ಕ್ ಪಟ್ಟಿಯ ಪ್ರತಿ ಕೊಂಡಿಗೂ ಸಂಖ್ಯೆ ಬರುತ್ತದೆ. 12 ಒತ್ತಿ ಎಂಟರ್ ಕೊಟ್ಟರೆ ಹನ್ನೆರಡನೆಯದು ತೆರೆಯುತ್ತದೆ. 12ರ ಮುಂದೆ 'ಜಿ' ಸೇರಿಸಿದರೆ ತೆರೆಯದೆ ಆ ಕೊಂಡಿಯ ಮೇಲೆ ನಿಲ್ಲುತ್ತದೆ, ಅಳಿಸುವ ಮೊದಲು ಖಚಿತಪಡಿಸಿಕೊಳ್ಳಲು ಇದು ಬೇಕು. ನಿತ್ಯ ಬೇಕಾದವನ್ನು ಫೈಲಿನ ಮೊದಲ 9 ಸಾಲಿಗೆ ತಂದಿಟ್ಟುಕೊಂಡರೆ ಒಂದೇ ಅಂಕಿ ಸಾಕು.

ಕನ್ನಡ ಶೀರ್ಷಿಕೆಗಳನ್ನು ಈಸ್ಪೀಕ್ ಎನ್‌ಜಿ ಎಂಬ ಪಠ್ಯ ಓದಿ ಹೇಳುವ ತಂತ್ರಾಂಶ ಕನ್ನಡ ಧ್ವನಿಯಲ್ಲಿ ಓದುತ್ತದೆ, ಆದರೆ ಶೇಕಡಾ ಚಿಹ್ನೆಯ ವಿಳಾಸ ಸಿಕ್ಕರೆ ಒಂದೊಂದು ಅಂಕಿಯನ್ನೂ ಹೇಳುತ್ತಾ ಹೋಗುತ್ತದೆ. ಆದ್ದರಿಂದ ಸೇರಿಸುವಾಗಲೇ ಶೀರ್ಷಿಕೆ ಸರಿಯಾಗಿದೆಯೇ ನೋಡಿ. ಖಾಲಿ ಶೀರ್ಷಿಕೆ ಬಿಡಲೇಬೇಡಿ.

ಕರಿಪರದೆ
@ಬೆರಳೋದು ತುಂಬಾ ಉಪಯೋಗ ಆಯ್ತು, ಸಂಖ್ಯೆ ಹಾಕೋ ಕ್ರಮ ಕಣ್ಣಿರೋರಿಗೂ ಚೆನ್ನಾಗಿದೆ. ಕನ್ನಡ ಶೀರ್ಷಿಕೆ ಗಿಜಿಬಿಜಿ ಆಗೋದಕ್ಕೆ ಯಾರಾದರೂ ಹೇಳಿ.

ಎಸ್ಕೇಪ್‌ಬಿ
ಇದರಲ್ಲಿ ಎರಡು ಬೇರೆ ತೊಂದರೆ ಇವೆ, ಮೊದಲು ಯಾವುದು ಅಂತ ನೋಡಿ.

ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆ, ಅಥವಾ 'ಎ' ಮೇಲೆ ಓರೆಗೀಟು ಇರೋ ಯುರೋಪಿನ ಅಕ್ಷರಗಳು ಕಂಡರೆ ಅದು ಎನ್‌ಕೋಡಿಂಗ್ ತೊಂದರೆ. ಸರ್ವರ್‌ನಲ್ಲಿ ಲೊಕೇಲ್ ಅಂತ ಟೈಪ್ ಮಾಡಿ, ಭಾಷೆ ಮತ್ತು ಅಕ್ಷರದ ಸೆಟ್ಟಿಂಗ್ ಕಾಣುತ್ತೆ. ಎಲ್ಲ ಕಡೆ "ಸಿ" ಅಥವಾ "ಪಾಸಿಕ್ಸ್" ಬಂದರೆ ಅದೇ ಕಾರಣ. ನಿಮ್ಮ ಗಣಕ ಕಳಿಸಿದ ಲ್ಯಾಂಗ್ (ದೊಡ್ಡಕ್ಷರ) ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ನ ಬೆಲೆಗೆ ಹೊಂದೋ ಲೊಕೇಲ್ ಸರ್ವರ್‌ನಲ್ಲಿ ಇಲ್ಲದಿದ್ದರೂ ಹೀಗೇ ಆಗುತ್ತೆ. ಲೊಕೇಲ್ -ಎ ಕೊಟ್ಟು ಇರೋದನ್ನ ನೋಡಿ, ಸಿ.ಯುಟಿಎಫ್-8 ಇದ್ದರೆ ಅದನ್ನೇ ಲ್ಯಾಂಗ್‌ಗೆ ಕೊಡಿ. ಡಬ್ಲ್ಯೂ3ಎಂಗೆ ಅಷ್ಟು ಸಾಕು. ಲಿಂಕ್ಸ್‌ಗೆ ಇನ್ನೊಂದು ಬೇಕು: ಬುಕ್‌ಮಾರ್ಕ್ ಫೈಲು ಡಿಸ್ಕಿನಲ್ಲಿರೋದು, ಅಂಥ ಫೈಲಿಗೆ ಲಿಂಕ್ಸ್ ಮೊದಲಿನಿಂದ ಊಹಿಸೋದು ಐಎಸ್‌ಒ-8859-1, ಅಂದ್ರೆ ಪಶ್ಚಿಮ ಯುರೋಪಿನ ಅಕ್ಷರಗಳ ಎನ್‌ಕೋಡಿಂಗ್. ಸಿಎಫ್‌ಜಿಯಲ್ಲಿ ಅಸ್ಯೂಮ್_ಲೋಕಲ್_ಚಾರ್‌ಸೆಟ್ ಮತ್ತು ಕ್ಯಾರೆಕ್ಟರ್_ಸೆಟ್ ಎರಡಕ್ಕೂ ಯುಟಿಎಫ್-8 ಕೊಡಿ. ವೆಬ್ ಪುಟ ಸರಿಯಾಗಿ ಕಂಡು ಬುಕ್‌ಮಾರ್ಕ್ ಪಟ್ಟಿ ಮಾತ್ರ ಕೆಟ್ಟಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಅಕ್ಷರ ಕನ್ನಡದ್ದೇ, ಆದರೆ ಒತ್ತು ಬೇರೆ ಬಿದ್ದು "ಸ್ತ್ರೀ" ಅನ್ನೋದು ಸ, ತ, ರ ಬಿಡಿಬಿಡಿಯಾಗಿ ಕಂಡರೆ ಬ್ರೌಸರ್‌ನದ್ದಲ್ಲ, ಟರ್ಮಿನಲ್‌ನದ್ದು. ಎಕ್ಸ್‌ಟರ್ಮ್ ಕನ್ನಡದ ಒತ್ತಕ್ಷರ ಜೋಡಿಸಲ್ಲ. ಎಂಎಲ್‌ಟರ್ಮ್ ಜೋಡಿಸುತ್ತೆ.

ಕಡಲಕರೆ
ಕೋನ್ಸೋಲ್ ಕೂಡ ತಕ್ಕ ಮಟ್ಟಿಗೆ ಜೋಡಿಸುತ್ತದೆ.

ತುಂಗಾತೀರ
ತಕ್ಕ ಮಟ್ಟಿಗೆ, ಅಷ್ಟೇ. ಅಕ್ಷರ ಜೋಡಿಸಿದರೂ ಸಾಲಿನ ಅಗಲ ತಪ್ಪುತ್ತೆ. ಯಾವ ಅಕ್ಷರಕ್ಕೆ ಎಷ್ಟು ಮನೆ ಅನ್ನೋದನ್ನ ಬ್ರೌಸರ್ ಒಂದು ಲೆಕ್ಕ ಹಾಕುತ್ತೆ, ಟರ್ಮಿನಲ್ ಇನ್ನೊಂದು. ಅದಕ್ಕೇ ಟೇಬಲ್ ಒಳಗಿನ ಗೆರೆಗಳು ಕನ್ನಡ ಇರೋ ಸಾಲಿನಲ್ಲಿ ಓರೆಯಾಗ್ತವೆ. ಟಿಮಕ್ಸ್ ಇದ್ದರೆ ಲೆಕ್ಕ ಹಾಕೋದು ಮೂರನೇದೊಂದು. ಬುಕ್‌ಮಾರ್ಕ್ ಪಟ್ಟಿಗೆ ಇದರಿಂದ ಹಾನಿ ಇಲ್ಲ, ಫೈಲಿನಲ್ಲಿ ಅಕ್ಷರ ಸರಿಯಾಗೇ ಇರುತ್ತೆ.

ನೂಲುಕೊಂಡಿ
ಫೈರ್‌ಫಾಕ್ಸ್‌ನಲ್ಲಿರೋ ಬುಕ್‌ಮಾರ್ಕ್‌ಗಳನ್ನ ಈಲಿಂಕ್ಸ್‌ಗೆ ತರೋದು ಹೇಗೆ?

ಟ್ಯಾಬ್‌ಸಾಲು
ಫೈರ್‌ಫಾಕ್ಸ್‌ನ ಲೈಬ್ರರಿ ಕಿಟಕಿಯಿಂದ ಎಚ್‌ಟಿಎಂಎಲ್ ಆಗಿ ರಫ್ತು ಮಾಡಿ. ಓದುವುದಷ್ಟೇ ಸಾಕಿದ್ದರೆ ಇನ್ನೇನೂ ಬೇಡ, ಆ ಫೈಲನ್ನು ಯಾವ ಪಠ್ಯ ಬ್ರೌಸರ್‌ನಲ್ಲಾದರೂ ನೇರ ತೆರೆಯಬಹುದು. ಒಂದೊಂದು ಕೊಂಡಿಯೊಳಗೂ ಐಕಾನ್ ಚಿತ್ರವನ್ನು ಬೇಸ್64 ಮಾಡಿ ತುಂಬಿರುತ್ತಾರೆ, ಅದರಿಂದ ಫೈಲು ಉಬ್ಬಿರುತ್ತದೆ. ಸೆಡ್ ಕಮಾಂಡಿನಲ್ಲಿ ಐಕಾನ್= (ದೊಡ್ಡಕ್ಷರ) ಇಂದ ಅದರ ಮುಚ್ಚುವ ಉದ್ಧರಣ ಚಿಹ್ನೆಯವರೆಗಿನ ಭಾಗ ತೆಗೆದುಬಿಡಿ.

ಈಲಿಂಕ್ಸ್‌ನ ಸ್ವಂತ ಬುಕ್‌ಮಾರ್ಕ್ ಫೈಲಿನಲ್ಲಿ ಸಾಲಿಗೊಂದು: ಶೀರ್ಷಿಕೆ, ಟ್ಯಾಬ್, ವಿಳಾಸ, ಟ್ಯಾಬ್, ಆಳ, ಟ್ಯಾಬ್, ಗುರುತು. ಆಳ 0 ಎಂದರೆ ಫೋಲ್ಡರಿನ ಹೊರಗೆ, 1 ಎಂದರೆ ಮೇಲಿನ ಫೋಲ್ಡರಿನ ಒಳಗೆ. ಫೋಲ್ಡರಿನ ಸಾಲಿಗೆ ಗುರುತು ದೊಡ್ಡ 'ಎಫ್', ಬಿಚ್ಚಿಟ್ಟಿದ್ದರೆ ಜೊತೆಗೆ ದೊಡ್ಡ 'ಇ'. ಆಕ್ ಅಥವಾ ಪೈಥಾನ್‌ನಲ್ಲಿ ಶೀರ್ಷಿಕೆ, ವಿಳಾಸ ಎತ್ತಿ ಆಳ 0 ಕೊಟ್ಟು ಬರೆಯಿರಿ. ಶೀರ್ಷಿಕೆಯೊಳಗೆ ಟ್ಯಾಬ್ ಇದ್ದರೆ ಮೊದಲು ಅದನ್ನು ಖಾಲಿ ಜಾಗ ಮಾಡಿ, ಇಲ್ಲದಿದ್ದರೆ ಶೀರ್ಷಿಕೆಯ ತುಂಡೇ ವಿಳಾಸವಾಗುತ್ತದೆ. ಆಂಪರ್ಸಂಡ್‌ನಂಥವು ಎಚ್‌ಟಿಎಂಎಲ್ ಸಂಕೇತದಲ್ಲಿ ಇರುತ್ತವೆ, ಅವನ್ನೂ ಬಿಡಿಸಬೇಕು. ಮರೆತರೆ ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಹಲವು ಮಾಹಿತಿ ಇರುವ ವಿಳಾಸಗಳು ತಪ್ಪು ಪುಟಕ್ಕೆ ಹೋಗುತ್ತವೆ.

ಇದೆಲ್ಲ ಮಾಡುವಾಗ ಈಲಿಂಕ್ಸ್ ಒಂದೂ ತೆರೆದಿರಬಾರದು. ಅದು ತನ್ನ ಮೆಮೊರಿಯಲ್ಲಿರುವ ಪಟ್ಟಿಯನ್ನು ಆಮೇಲೆ ಬರೆದರೆ ನಿಮ್ಮ ಕೆಲಸ ಅಳಿಸಿಹೋಯಿತು.

ಜಾವಾಸ್ಕ್ರಿಪ್ಟ್: ಎಂದು ಶುರುವಾಗುವ ಕೊಂಡಿಗಳನ್ನು ತರಬೇಡಿ, ಅವು ಇಲ್ಲಿ ಕೆಲಸಕ್ಕೆ ಬಾರವು.

ಕಡಲಕರೆ
ತಂದ ಮೇಲೆ ಫೋಲ್ಡರಿಗೆ ಹಂಚುವುದು: 'ಎಸ್' ಒತ್ತಿ ಬುಕ್‌ಮಾರ್ಕ್ ಕಿಟಕಿ, ಬೇಕಾದವನ್ನು ನಕ್ಷತ್ರ ಚಿಹ್ನೆ ಅಥವಾ ಇನ್ಸರ್ಟ್ ಕೀಲಿಯಿಂದ ಗುರುತು ಮಾಡಿ, ಫೋಲ್ಡರಿನ ಮೇಲೆ ಹೋಗಿ ಮೂವ್ ಗುಂಡಿ. ಒಂದೊಂದೇ ಮಾಡಬೇಕಾಗಿಲ್ಲ. ತೆರೆದ ಎಲ್ಲ ಟ್ಯಾಬ್‌ಗಳನ್ನು ಒಟ್ಟಿಗೆ ಉಳಿಸಲಿಕ್ಕೆ ಕಂಟ್ರೋಲ್ ಬಿ ಉಂಟು.

ಮತ್ತೆ ಈಲಿಂಕ್ಸ್ ಎರಡನೇ ಸಲ ತೆರೆದರೆ ಅದು ಮೊದಲನೆಯದಕ್ಕೇ ಜೋಡಿಕೊಳ್ಳುತ್ತದೆ, ಬುಕ್‌ಮಾರ್ಕ್ ಹಿಸ್ಟರಿ ಎರಡಕ್ಕೂ ಒಂದೇ. -ನೋ-ಕನೆಕ್ಟ್ ಕೊಟ್ಟು ನಡೆಸಿದರೆ ಮಾತ್ರ ಬೇರೆ ಬೇರೆ. ಕರಿಪರದೆ ಅವರ ಮೊದಲ ತೊಂದರೆ ಇಲ್ಲಿ ಹುಟ್ಟುವುದೇ ಇಲ್ಲ.

ಮಲ್ನಾಡ್‌ಬಾಷ್
ಬ್ರೌಸರ್‌ಗೆ ಬುಕ್‌ಮಾರ್ಕ್ ಕೊಡೋದೇ ಬೇಡ ಅನ್ನೋ ವಾದವೂ ಇದೆ. ಬುಕು ಅನ್ನೋ ಕಮಾಂಡ್ ಲೈನ್ ಸಾಧನ ಎಲ್ಲವನ್ನೂ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿನಲ್ಲಿ ಇಡುತ್ತೆ, ಟ್ಯಾಗ್ ಕೊಡಬಹುದು, ಫೈರ್‌ಫಾಕ್ಸ್ ರಫ್ತು ಫೈಲನ್ನ -ಐ ಕೊಟ್ಟು ಒಳಗೆ ತರಬಹುದು, -ಇ ಕೊಟ್ಟು ಹೊರಗೆ ತೆಗೀಬಹುದು. ಬ್ರೌಸರ್ (ದೊಡ್ಡಕ್ಷರ) ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಡಬ್ಲ್ಯೂ3ಎಂ ಇಟ್ಟರೆ ಅದರಲ್ಲೇ ತೆರೆಯುತ್ತೆ.

ಧಾರವಾಡಶೆಲ್
ಒಪ್ಪೂದಿಲ್ಲ. ಪಠ್ಯ ಬ್ರೌಸರ್‌ನ ಬುಕ್‌ಮಾರ್ಕ್ ಅಂದ್ರ ಗ್ರೆಪ್ ಮಾಡಬಹುದಾದ, ಡಿಫ್ ಮಾಡಬಹುದಾದ ಫೈಲು. ಫೈಲಿನ ಬದಲಾವಣೆ ದಾಖಲಿಸೋ ಗಿಟ್‌ಗೆ ಹಾಕಿದ್ರ ಯಾವ ಸಾಲು ಯಾವತ್ತು ಸೇರಿತು ಕಾಣ್ತದ. ಎಸ್‌ಕ್ಯೂಲೈಟ್ ಫೈಲು ಗಿಟ್‌ಗೆ ಹಾಕಿದ್ರ "ಬೈನರಿ ಬದಲಾತು" ಅಂತಷ್ಟ. ಎರಡು ಗಣಕದಾಗ ಬದಲಾದ್ರ ಒಂದುಗೂಡಸೂದೂ ಆಗೂದಿಲ್ಲ.

ಮಲ್ನಾಡ್‌ಬಾಷ್
ಗಿಟ್‌ಗೆ -ಇ ಕೊಟ್ಟು ತೆಗೆದ ಮಾರ್ಕ್‌ಡೌನ್ ಫೈಲು ಹಾಕಿ, ಡೇಟಾಬೇಸ್ ಹಾಕಬೇಡಿ. ಮೂರು ಬ್ರೌಸರ್ ಬಳಸೋರಿಗೆ ಮೂರು ಬೇರೆ ರೂಪದ ಫೈಲಿಗಿಂತ ಇದು ವಾಸಿ. ಒಂದೇ ಬ್ರೌಸರ್ ಆದರೆ ನಿಮ್ಮ ಮಾತು ಸರಿ.

ನೂಲುಕೊಂಡಿ
ಗಿಟ್ ಫೋಲ್ಡರಿನಲ್ಲಿ ಫೈಲು ಇಟ್ಟು ಸಿಮ್‌ಲಿಂಕ್ (ಬೇರೆ ಜಾಗದ ಫೈಲನ್ನ ತೋರಿಸೋ ಕೊಂಡಿ) ಮಾಡಿದರೆ ಈಲಿಂಕ್ಸ್ ಅದನ್ನ ಮುರಿಯುತ್ತಾ? ತಾತ್ಕಾಲಿಕ ಫೈಲು ಬರೆದು ಹೆಸರು ಬದಲಿಸುತ್ತೆ ಅಂತ ಓದಿದೆ.

ಟ್ಯಾಬ್‌ಸಾಲು
ಇಲ್ಲ. ಸೆಕ್ಯೂರ್_ಸೇವ್ ಎಂಬ ಆಯ್ಕೆ ಹಾಗೆ ಮಾಡುತ್ತದೆ, ಆದರೆ ಫೈಲು ಸಿಮ್‌ಲಿಂಕ್ ಆಗಿದ್ದರೆ ತಾನಾಗಿ ಆ ಕ್ರಮವನ್ನು ಬಿಟ್ಟು ನೇರ ಬರೆಯುತ್ತದೆ.

ತುಂಗಾತೀರ
ಗಿಟ್‌ಗೆ ಬುಕ್‌ಮಾರ್ಕ್ ಹಾಕಿ, ಹಿಸ್ಟರಿ ಫೈಲು ಹಾಕಬೇಡಿ, ಸೆಷನ್ ಫೈಲಂತೂ ಬೇಡವೇ ಬೇಡ. ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಬರೋ ಟೋಕನ್, ಹುಡುಕಿದ ಪದ ಎಲ್ಲ ಅದರಲ್ಲಿ ಹಾಗೇ ಇರುತ್ತೆ. ಹಲವರು ಹಂಚಿಕೊಳ್ಳೋ ಸರ್ವರ್ ಆದರೆ ಆ ಫೈಲುಗಳಿಗೆ ಚ್‌ಮಾಡ್ 600 ಕೊಡಿ, ಆಗ ನೀವು ಮಾತ್ರ ಓದಬಹುದು. ಏನೂ ಉಳೀಬಾರದು ಅನ್ನೋ ಹೊತ್ತಿಗೆ ಡಬ್ಲ್ಯೂ3ಎಂ -ಓ ಯೂಸ್_ಹಿಸ್ಟರಿ=0.

ಕರಿಪರದೆ
ಸತ್ತ ಕೊಂಡಿಗಳನ್ನ ಕಂಡುಹಿಡಿಯೋಕೆ ಸುಲಭ ದಾರಿ ಇದೆಯಾ? ಹಳೇ ಫೈಲಿನಲ್ಲಿ ಅರ್ಧ ತೆರೆಯೋದೇ ಇಲ್ಲ.

ಎಸ್ಕೇಪ್‌ಬಿ
ಲಿಂಕ್ಸ್ -ಡಂಪ್ -ಲಿಸ್ಟ್‌ಓನ್ಲಿ -ನೋನಂಬರ್ಸ್ ಮುಂದೆ ಬುಕ್‌ಮಾರ್ಕ್ ಫೈಲು ಕೊಟ್ಟು, ಎಚ್‌ಟಿಟಿಪಿ ಇಂದ ಶುರುವಾಗೋ ಸಾಲುಗಳನ್ನ ಗ್ರೆಪ್ ಮಾಡಿ. ಡಬ್ಲ್ಯೂ3ಎಂ ಫೈಲಿಗೂ ಇದು ನಡೆಯುತ್ತೆ. ಪ್ರತಿ ವಿಳಾಸಕ್ಕೂ ಕರ್ಲ್ (ಪುಟ ತರಿಸೋ ಕಮಾಂಡ್): -ಎಸ್, ಔಟ್‌ಪುಟ್ /ಡೆವ್/ನಲ್‌ಗೆ, --ಮ್ಯಾಕ್ಸ್-ಟೈಮ್ 15, ಮತ್ತು -ಡಬ್ಲ್ಯೂ ಜೊತೆ ಎಚ್‌ಟಿಟಿಪಿ_ಕೋಡ್ (ಸರ್ವರ್ ಉತ್ತರವಾಗಿ ಕೊಡೋ ಅಂಕಿ). ಬಂದ ಅಂಕಿ, ವಿಳಾಸ ಎರಡನ್ನೂ ಒಂದು ಸಾಲಿನಲ್ಲಿ ಬರೆಸಿ, ಸಾರ್ಟ್ ಮಾಡಿ.

ನೂಲುಕೊಂಡಿ
-ಎಲ್ (ದೊಡ್ಡಕ್ಷರ) ಕೂಡ ಹಾಕಿದರೆ ಹೊಸ ವಿಳಾಸದವರೆಗೂ ಹೋಗಿ ನೋಡುತ್ತೆ ಅಲ್ವಾ?

ಎಸ್ಕೇಪ್‌ಬಿ
ಹಾಕಬೇಡಿ. ಹಾಕಿದರೆ 301 ಕಾಣೋದೇ ಇಲ್ಲ, ಕೊನೇ ಪುಟದ 200 (ಪುಟ ಸರಿಯಾಗಿ ಸಿಕ್ಕಿತು ಅಂತ) ಮಾತ್ರ ಬರುತ್ತೆ. ಜಾಗ ಬದಲಿಸಿದ ಪುಟಗಳನ್ನ ತಿಳಿಯೋಕೆ 301 ಬೇಕು, ಅವನ್ನ ಈಗಲೇ ಹೊಸ ವಿಳಾಸಕ್ಕೆ ತಿದ್ದಬೇಕು, ಹಳೇ ವಿಳಾಸ ಯಾವತ್ತಾದರೂ ನಿಲ್ಲಬಹುದು.

ಮಲ್ನಾಡ್‌ಬಾಷ್
ಅಳಿಸೋ ಮುಂಚೆ ಅಂಕಿ ನೋಡಿ. 410 ಬಂದರೆ ಪುಟ ಹೋಗಿದೆ, 404 ಬಂದರೆ ಕೈಯಿಂದ ಒಂದು ಸಲ ತೆರೆದು ನೋಡಿ ಅಳಿಸಿ. 403, 429 ಬಂದರೆ ಪುಟ ಇರಬಹುದು, ನಿಮ್ಮ ಕರ್ಲ್‌ಗೆ ಬಾಗಿಲು ಹಾಕಿದ್ದಾರೆ ಅಷ್ಟೇ. 000 ಅಂದ್ರೆ ಸಂಪರ್ಕವೇ ಆಗಲಿಲ್ಲ, ಡಿಎನ್‌ಎಸ್ ತೊಂದರೆಯೂ ಇರಬಹುದು, ಮರುದಿನ ಮತ್ತೆ ನಡೆಸಿ. -ಐ (ದೊಡ್ಡಕ್ಷರ) ಹಾಕಿ ತಲೆಭಾಗ ಮಾತ್ರ ಕೇಳಿದರೆ ಬೇಗ ಮುಗಿಯುತ್ತೆ, ಆದರೆ ಕೆಲವು ಸರ್ವರ್ ಅದಕ್ಕೆ 405 ಕೊಡ್ತವೆ. ಆ ಸಾಲುಗಳನ್ನ ಮಾತ್ರ -ಐ ಇಲ್ಲದೆ ಇನ್ನೊಮ್ಮೆ.

ಕರಿಪರದೆ
ಕಾಮೆಂಟ್ ಸಾಲುಗಳನ್ನ ವಾಪಸ್ ಹಾಕಿದೆ, ಹೊಸ ಕೊಂಡಿಗಳು ವಿಭಾಗಕ್ಕೆ ಸರಿಯಾಗಿ ಸೇರ್ತಿವೆ. ಲೊಕೇಲ್ "ಪಾಸಿಕ್ಸ್" ಅಂತಲೇ ಇತ್ತು, ಸಿ.ಯುಟಿಎಫ್-8 ಕೊಟ್ಟ ಮೇಲೆ ಶೀರ್ಷಿಕೆ ಓದೋಕೆ ಬರ್ತಿದೆ. ಇನ್ನೊಂದೇ: ಡಬ್ಲ್ಯೂ3ಎಂನಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಒಮ್ಮೊಮ್ಮೆ ಹಿಸ್ಟರಿ ಪುಟ ತೆರೆದುಕೊಳ್ಳುತ್ತೆ, ಅದೂ ಒಂದು ಗಣಕದಿಂದ ಹೋದಾಗ ಮಾತ್ರ.

ಧಾರವಾಡಶೆಲ್
ಆ ಗಣಕದ ಟರ್ಮಿನಲ್ ಬ್ಯಾಕ್‌ಸ್ಪೇಸ್‌ಗೆ ಕಂಟ್ರೋಲ್ ಎಚ್ ಕಳಸ್ತದ, ಡಬ್ಲ್ಯೂ3ಎಂನಾಗ ಕಂಟ್ರೋಲ್ ಎಚ್ ಅಂದ್ರ ಹಿಸ್ಟರಿ. ಟರ್ಮಿನಲ್‌ನ ಸೆಟ್ಟಿಂಗ್‌ನಾಗ ಬ್ಯಾಕ್‌ಸ್ಪೇಸ್‌ಗೆ ಡಿಲೀಟ್ ಸಂಕೇತ, ಅಂದ್ರ 127, ಕಳಸೋ ಹಂಗ ಮಾಡ್ರಿ. ಅದು ಆಗಲಿಲ್ಲ ಅಂದ್ರ ~/.ಡಬ್ಲ್ಯೂ3ಎಂ/ಕೀಮ್ಯಾಪ್ ಫೈಲಿನಾಗ ಕೀಮ್ಯಾಪ್ ಸಿ-ಎಚ್ ನಲ್ ಅಂತ ಒಂದು ಸಾಲು, ಹಿಸ್ಟರಿಗೆ ಬ್ಯಾರೆ ಖಾಲಿ ಕೀಲಿ ಇನ್ನೊಂದು ಸಾಲಿನಾಗ. ಸಿ, ನಲ್, ಹಿಸ್ಟರಿ ಈ ಮೂರೂ ದೊಡ್ಡಕ್ಷರ. ಫೈಲು ಉಳಿಸಿದ ಮ್ಯಾಲೆ ಡಬ್ಲ್ಯೂ3ಎಂ ಮುಚ್ಚಿ ತೆರೀರಿ.